ಬೋರಲು ಮಲಗದ ಮಾಸ್ತರರು

ಮಾಸ್ತರರು ಬೋರಲು ಮಲಗಲು ಒಪ್ಪಲಿಲ್ಲ. ಆ ಬೆಳಿಗ್ಗೆ ನನಗೆ ಮೊದಲು ಸಿಟ್ಟು ಬಂದದ್ದು ಅದಕ್ಕೇ. ಗಜೇಂದ್ರಗಡದ ಈ ಸ್ಕ್ಯಾನಿಂಗ್ ಸೆಂಟರಿಗೆ ನಾನೊಬ್ಬಳೇ ರೇಡಿಯಾಲಜಿ ಡಾಕ್ಟರು. ಹೊರಗೆ ಹೊಟ್ಟೆ ತುಂಬ ನೀರು ಕುಡಿದು ಸೋನೋಗ್ರಫಿಗೆ ಕುಳಿತ ಹೆಣ್ಣುಮಕ್ಕಳು ನನ್ನನ್ನು ಬೈದುಕೊಳ್ಳುತ್ತಿರುತ್ತಾರೆ. ಅಂಥದ್ದರಲ್ಲಿ ಒಳಗೆ ಸಿ.ಟಿ. ಟೇಬಲ್ಲಿನ ಮೇಲೆ ಒಬ್ಬರು ಅಂಗಾತ ಮಲಗಿಕೊಂಡು ಹಟ ಹಿಡಿದರೆ ಯಾರ ತಲೆಯಾದರೂ ಕೆಡುತ್ತದೆ.

"ಸರ, ಒಂದ್ ಸಲ ಡಬ್ಬ ಮಕ್ಕೋರಿ. ಲಗೂನ ಮುಗಸ್ತೀವಿ," ಎಂದು ನಮ್ಮ ಟೆಕ್ನಿಷಿಯನ್ ಮೈಕಿನಲ್ಲಿ ಬೇಡಿಕೊಳ್ಳುತ್ತಿದ್ದ.

"ಆಗೂದಿಲ್ಲೋ ತಮ್ಮಾ. ಹೊಟ್ಟಿ ಭಾಳ ನೂಸ್ತೈತಿ. ಹಿಂಗಽ ಎಷ್ಟ್ ಬೇಕೋ ಅಷ್ಟ್ ಫೋಟೋ ತಗೊ."

ಅವರು ಅಬ್ಬಿಗೇರಿಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಟೆಕ್ನಿಷಿಯನ್ ಸವಡಿಯವನು, ಅವರ ಕೈಯಲ್ಲೇ ಕಲಿತು ಅವರಿಂದಲೇ ಕಿವಿ ಹಿಂಡಿಸಿಕೊಂಡವನು. ಸ್ಕ್ಯಾನಿಗೆ ಬಂದವರಿಗೆಲ್ಲ ನಾವು ಬಟ್ಟೆ ಬಿಚ್ಚಿಸಿ ಗೌನು ತೊಡಿಸುತ್ತೇವೆ. ಮಾಸ್ತರರು ಮಾತ್ರ ಧೋತ್ರ, ಬನಿಯನ್ನಿನಲ್ಲೇ ಇದ್ದರು. ಯಾಕೆ ಎಂದು ಕೇಳಿದಾಗ ಅವನು, "ಸರ್‌ಗೆ ಬನಿಯನ್ ತಗೀರಿ ಅಂತ ನಾ ಹ್ಯಾಂಗ ಹೇಳ್ಲಿರೀ? ಗುಂಡಿಲ್ಲ, ಹುಕ್ಕಿಲ್ಲ, ಉಡದಾರಾನೂ ನೂಲಿಂದಽ ಐತಿ," ಎಂದ. ಲೋಹವಿಲ್ಲದಿದ್ದರೆ ಮಷೀನಿಗೆ ಅಭ್ಯಂತರವಿಲ್ಲ. ನಾನೂ ಸುಮ್ಮನಾದೆ.

ಅವರ ಜಠರದ ಕೆಳತುದಿಯಲ್ಲಿ ಗಡ್ಡೆ ಇತ್ತು. ಹುಬ್ಬಳ್ಳಿಯಲ್ಲಿ ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್ ಎಂದು ಉತ್ತರ ಬಂದಿತ್ತು. ಇನ್ನು ಆಪರೇಶನ್ ಮಾಡುವ ಮೊದಲು ಅಲ್ಲಿನ ಸರ್ಜನ್‌ಗೆ ನನ್ನಿಂದ ಬೇಕಾಗಿದ್ದದ್ದು ಇಷ್ಟು: ಗಡ್ಡೆ ಜಠರದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಸುತ್ತಲಿನ ದುಗ್ಧಗ್ರಂಥಿಗಳಿಗೆ ಹೋಗಿದೆಯೇ, ಅಲ್ಲಿಂದ ದೂರ ಎಲ್ಲಿಗಾದರೂ ಹಾರಿದೆಯೇ. ಮೊದಲಿನ ಎರಡಕ್ಕೆ ಹೌದು ಎಂದರೂ ಕತ್ತರಿಸಿ ತೆಗೆಯಲು ದಾರಿ ಇರುತ್ತದೆ. ದೂರ ಹಾರಿದೆ ಎಂದರೆ ಸರ್ಜನ್ ಕತ್ತಿ ಕೆಳಗಿಡುತ್ತಾರೆ.

ಜಠರದ ಸ್ಕ್ಯಾನ್ ಎಂದರೆ ಒಂದು ಕಿರಿಕಿರಿ. ಖಾಲಿ ಜಠರ ಮಡಚಿಟ್ಟ ಜೋಳದ ಚೀಲದ ಹಾಗೆ ಬಿದ್ದಿರುತ್ತದೆ, ಗೋಡೆ ಯಾವುದು ಮಡಿಕೆ ಯಾವುದು ತಿಳಿಯುವುದಿಲ್ಲ. ಹಾಗಾಗಿ ಉಪವಾಸ ಇಟ್ಟು, ಟೇಬಲ್ ಹತ್ತಿಸುವ ಮುಂಚೆ ಹೊಟ್ಟೆ ತುಂಬ ನೀರು ಕುಡಿಸುತ್ತೇವೆ, ಕರುಳು ಅಲುಗದಂತೆ ಒಂದು ಇಂಜೆಕ್ಷನ್ ಕೊಡುತ್ತೇವೆ. ಅಂಗಾತ ಮಲಗಿದರೆ ಆ ನೀರು ಜಠರದ ಮೇಲ್ಭಾಗಕ್ಕೆ ಓಡುತ್ತದೆ. ಗಡ್ಡೆ ಕೆಳತುದಿಯಲ್ಲಿದ್ದರೆ ಬೋರಲು ಮಲಗಿಸಲೇಬೇಕು, ಆಗ ನೀರು ಅಲ್ಲಿಗೆ ಇಳಿದು ಗೋಡೆ ಬಿಡಿಸಿಕೊಳ್ಳುತ್ತದೆ.

ಮಾಸ್ತರರಿಗೆ ನೀರೇ ಇಳಿಯಲಿಲ್ಲ. ಗಡ್ಡೆ ದಾರಿ ಕಟ್ಟಿದ್ದರಿಂದ ಕುಡಿದ ನೀರೆಲ್ಲ ವಾಂತಿಯಾಯಿತು. ಟೆಕ್ನಿಷಿಯನ್ ತಾನೇ ಬಕೆಟ್ ಹಿಡಿದು ನಿಂತ. ಸ್ವಲ್ಪ ಹೊತ್ತು ಕೂಡಿಸಿ ಗುಟುಕು ಗುಟುಕಾಗಿ ಮತ್ತೆ ಕುಡಿಸಿದೆವು. ಅಷ್ಟಾದ ಮೇಲೆ ಈ ಬೋರಲಿನ ಜಗಳ. ಗಡ್ಡೆ ಒತ್ತಿದರೆ ನೋವಾಗುವುದು ಸಹಜ ಎಂದುಕೊಂಡು ನಾನೇ ಸೋತೆ. ಬಲಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಚಿತ್ರ ಬೆಳಗುವಂತೆ ಕೈಯ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಬಿಟ್ಟು ಸ್ಕ್ಯಾನ್ ಮುಗಿಸಿದೆವು.

ಇದಕ್ಕೂ ಮುಂಚೆಯೇ ಅವರ ದೊಡ್ಡ ಮಗ ನನ್ನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದ್ದ. ರೋಣದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು, ಮಾತು ಬಲ್ಲವನು.

"ಮ್ಯಾಡಮ್ಮಾರ, ಅಪ್ಪಗ ಅಲ್ಸರ್ ಅಂತಽ ಹೇಳೇವ್ರಿ. ಆ ಶಬ್ದ ಅವರ ಕಿವಿಗೆ ಬೀಳಬಾರದ್ರಿ. ಬಿತ್ತಂದ್ರ ಮನಿಶಾ ಅಲ್ಲೇ ಕುಸೀತಾರ."

ನಾನು ಹೂಂ ಎಂದಿದ್ದೆ. ನಮ್ಮ ಕಡೆ ಇದು ದಿನವೂ ನಡೆಯುವ ಮಾತು. ಮನೆಯವರಿಗೆಲ್ಲ ಗೊತ್ತಿರುತ್ತದೆ, ಹೊಟ್ಟೆ ಯಾರದೋ ಅವರಿಗೆ ಮಾತ್ರ ಗೊತ್ತಿರುವುದಿಲ್ಲ. ಹೂಂ ಅನ್ನುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ನಾನು ರಿಪೋರ್ಟ್ ಮಾಡುವ ಕೋಣೆಗೆ ಕಿಟಕಿಯಿಲ್ಲ. ಒಂದು ಬಾಗಿಲು ಮಷೀನಿನ ಕಡೆಗೆ, ಇನ್ನೊಂದು ಬಾಗಿಲು ರೋಗಿಗಳ ಕಡೆಯವರು ಕುಳಿತುಕೊಳ್ಳುವ ಪಡಸಾಲೆಗೆ. ದೀಪ ಆರಿಸಿ, ಪರದೆಯ ಮುಂದೆ ಕುಳಿತು ಮಾಸ್ತರರ ಹೊಟ್ಟೆಯನ್ನು ಪದರು ಪದರಾಗಿ ಇಳಿಸುತ್ತ ಬಂದೆ. ಎದೆ ಸ್ವಚ್ಛ. ಲಿವರ್ ಸ್ವಚ್ಛ. ಜಠರದ ಕೆಳತುದಿಯ ಗೋಡೆ ದಪ್ಪವಾಗಿ ಬೆಳಗುತ್ತಿತ್ತು, ಹೊರ ಅಂಚು ಸ್ವಲ್ಪ ತರಿತರಿ, ಆದರೆ ಹಿಂದಿನ ಮೇದೋಜೀರಕಕ್ಕೂ ಅದಕ್ಕೂ ನಡುವೆ ಕೊಬ್ಬಿನ ಗೆರೆ ತೆಳ್ಳಗೆ ಉಳಿದಿತ್ತು. ಪಕ್ಕದಲ್ಲಿ ಕೆಲವು ಗ್ರಂಥಿಗಳು ಊದಿದ್ದವು. ಜಠರದ ಹೊರಗೆ ಹೊಟ್ಟೆಯಲ್ಲಿ ನೀರು ತುಂಬಿರಲಿಲ್ಲ, ಒಳಪೊರೆಯ ಮೇಲೆ ಕಾಳು ಚೆಲ್ಲಿದಂಥ ಗಂಟುಗಳೂ ಇರಲಿಲ್ಲ. ಆಪರೇಶನ್ ಆಗುವ ಹೊಟ್ಟೆ ಇದು ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಇನ್ನೂ ಕೆಳಗೆ ಬಂದೆ. ಹೊಕ್ಕಳಿನ ಜಾಗದಲ್ಲಿ ಒಂದು ಗಂಟು ಕಾಂಟ್ರಾಸ್ಟ್ ಕುಡಿದು ಬೆಳ್ಳಗೆ ಹೊಳೆಯಿತು.

ಹೊಟ್ಟೆಯ ಕ್ಯಾನ್ಸರ್ ಇದ್ದವರ ಹೊಕ್ಕಳಲ್ಲಿ ಗಂಟು ಎಂದರೆ ಏನರ್ಥ ಎಂಬುದು ಡಾಕ್ಟರಿಕೆ ಓದುವ ಎಲ್ಲರಿಗೂ ಬಾಯಿಪಾಠ. ಹಿಂದೆ ಆಪರೇಶನ್ನಿಗೆ ಮುನ್ನ ರೋಗಿಗಳ ಹೊಟ್ಟೆ ತೊಳೆಯುತ್ತಿದ್ದ ನರ್ಸ್ ಒಬ್ಬರು, ಹೊಕ್ಕಳಲ್ಲಿ ಇಂಥ ಗಂಟಿದ್ದವರು ಬದುಕುವುದಿಲ್ಲ ಎಂದು ಗುರುತು ಹಿಡಿದಿದ್ದರಂತೆ. ಒಳಗಿನ ಕ್ಯಾನ್ಸರ್ ಅಷ್ಟು ದೂರ ಬಂದು ಮುಖ ತೋರಿಸಿದೆ ಎಂದೇ ಅದರ ಅರ್ಥ. ಬೇರೆ ಎಲ್ಲ ಸ್ವಚ್ಛವಿದ್ದರೂ ಈ ಒಂದೇ ಗಂಟು ಸಾಕು, ಕೊನೆಯ ಹಂತ ಎಂದು ಬರೆಯಲು. ಗಂಟಿನ ಸುತ್ತ ಕೊಬ್ಬು ಸ್ವಲ್ಪ ಕಲಕಿದಂತಿತ್ತು. ತೊಡೆಸಂದಿಯಲ್ಲೂ ಗ್ರಂಥಿಗಳು ಊದಿದ್ದವು. ಅದನ್ನೂ ಅದೇ ಲೆಕ್ಕಕ್ಕೆ ಸೇರಿಸಬಹುದಿತ್ತು.

ಹುಬ್ಬಳ್ಳಿಯ ಸರ್ಜನ್‌ಗೆ ಫೋನು ಮಾಡಿದೆ.

"ಹೊಕ್ಕಳದಾಗ? ನಾ ಕೈ ಹಚ್ಚಿ ನೋಡೇನಿ, ಆವಾಗ ಏನೂ ಇರಲಿಲ್ಲ," ಎಂದರು ಅವರು. "ಇಷ್ಟರಾಗ ಬಂದೈತಿ ಅಂದ್ರ ಭಾಳ ಕೆಟ್ಟ ಜಾತಿದು ಇರಬೇಕು. ಮೊದ್ಲ ನೀವು ಏನಂತ ಬರದು ಕೊಡ್ರಿ. ಹೌದಂದ್ರ ನಾ ಕೊಯ್ಯೂದಿಲ್ಲ, ಸುಮ್ನ ಆ ಮನಿಶಾಗ ತ್ರಾಸು. ಅಲ್ಲಂದ್ರ ನಾಳಿಗೆ ಅಡ್ಮಿಟ್ ಆಗ್ಲಿ. ಹಿಂಗ ಏನೂ ಉಣ್ಣದ ಎಷ್ಟ್ ದಿನ ಇರ್ತಾರ?"

ಫೋನು ಇಟ್ಟ ಕೂಡಲೇ ಪಡಸಾಲೆಯ ಬಾಗಿಲು ಸರಿಸಿ ದೊಡ್ಡ ಮಗ ಒಳಗೆ ಬಂದ. ಅಲ್ಲಿಗೆ ನನ್ನ ದನಿ ಕೇಳಿಸಿತ್ತೋ ಏನೋ, ಮುಖ ಕಪ್ಪಿಟ್ಟಿತ್ತು.

"ಹಬ್ಬೈತೇನ್ರಿ?"

"ನೋಡಾಕತ್ತೀನಿ. ಒಂದ್ ಕಡೆ ಅನುಮಾನ ಐತಿ."

"ಅನುಮಾನ ಬ್ಯಾಡ್ರಿ ಮ್ಯಾಡಮ್ಮಾರ. ಹಬ್ಬೇತಿ ಅಂದ್ರ ಹಬ್ಬೇತಿ ಅನ್ರಿ, ಇಲ್ಲಂದ್ರ ಇಲ್ಲ. ಹಬ್ಬಿದ್ರ ನಾವು ಹುಬ್ಬಳ್ಳಿಗೆ ಒಯ್ಯೂದಿಲ್ಲ. ಅಬ್ಬಿಗೇರಿಗೆ ಕರಕೊಂಡ್ ಹೋಗಿ ಮನ್ಯಾಗ ಇಟಗೊಂತೀವಿ. ಸೂಜಿ, ಬಾಟ್ಲಿ ಅಂತ ಮತ್ತ ಹಿಂಸಾ ಕೊಡೂದು ಬ್ಯಾಡ ಅಂತ ಅಣ್ಣತಮ್ಮರು ಮಾತಾಡ್ಕೊಂಡೇವಿ."

ಅವನು ಕೆಟ್ಟವನಲ್ಲ. ಅಪ್ಪನ ಮೇಲಿನ ಪ್ರೀತಿಗೇ ಹಾಗೆ ಹೇಳಿದ್ದು. ಆದರೆ ಅವನು ಹೋದ ಮೇಲೆ ನಾನು ಆ ಕತ್ತಲೆ ಕೋಣೆಯಲ್ಲಿ ಸಿಕ್ಕಿಬಿದ್ದಂತೆ ಕುಳಿತೆ. 'ಹೊಕ್ಕಳಿನ ಗಂಟು, ಕ್ಯಾನ್ಸರ್ ಹರಡಿರುವ ಸಾಧ್ಯತೆ' ಎಂದು ಟೈಪು ಮಾಡಿದೆ. ಈ ಸಾಲು ಹೊರಗೆ ಹೋದರೆ ಮಾಸ್ತರರು ಅಬ್ಬಿಗೇರಿಗೆ ಹೋಗುತ್ತಾರೆ, ಬಾಗಿಲು ಕಟ್ಟಿದ ಜಠರ ಇಟ್ಟುಕೊಂಡು ಹಸಿವಿನಿಂದ ಸಾಯುತ್ತಾರೆ. ಅಳಿಸಿದೆ. ಅಳಿಸಿದರೆ, ಅದು ನಿಜಕ್ಕೂ ಕ್ಯಾನ್ಸರೇ ಆಗಿದ್ದರೆ, ಸೋತ ಮೈಯನ್ನು ಸುಮ್ಮನೆ ಸೀಳಿಸಿದ ಪಾಪ ನನ್ನದು. ಮತ್ತೆ ಟೈಪು ಮಾಡಿದೆ. ಟೆಕ್ನಿಷಿಯನ್ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು. ಸೋನೋಗ್ರಫಿಯ ಹೆಣ್ಣುಮಕ್ಕಳು ಬಾಗಿಲು ಬಡಿಯುತ್ತಿದ್ದರು. ಈ ಕಡೆ ಬಾಗಿಲು ತೆಗೆದರೆ ಮಗ, ಆ ಕಡೆ ಬಾಗಿಲು ತೆಗೆದರೆ ಅಪ್ಪ. ಇಬ್ಬರ ಮುಖವನ್ನೂ ನೋಡುವ ಧೈರ್ಯ ನನಗಿರಲಿಲ್ಲ. ಎ.ಸಿ. ನಡೆಯುತ್ತಿದೆಯೋ ಇಲ್ಲವೋ ಎಂದು ಎದ್ದು ನೋಡಿದೆ. ನಡೆಯುತ್ತಿತ್ತು.

ಮತ್ತೆ ಚಿತ್ರಗಳಿಗೆ ಬಂದೆ. ಚಿತ್ರವನ್ನು ದೊಡ್ಡದು ಮಾಡಿದಾಗ ಹೊಕ್ಕಳ ಪಕ್ಕದ ಚರ್ಮ ಕೂಡ ಒಂದೆರಡು ಕಡೆ ದಪ್ಪವಾಗಿ ಕಂಡಿತು. ಒಳಗಿನಿಂದ ಬಂದ ಕ್ಯಾನ್ಸರ್ ಮೇಲಿನ ಚರ್ಮವನ್ನು ಹೀಗೆ ಅಲ್ಲಲ್ಲಿ ಮುಟ್ಟುವುದು ಅಪರೂಪ. ಆಗ ಬೆಳಗಿನ ಜಗಳ ನೆನಪಾಯಿತು. ಗಡ್ಡೆ ಇದ್ದದ್ದು ಮೇಲೆ, ಎದೆಗುಂಡಿಗೆಯ ಕೆಳಗೆ. ಬೋರಲು ಹೊರಳಿಸಲು ಹೋದಾಗ ಮಾಸ್ತರರು ಕೈ ಇಟ್ಟುಕೊಂಡದ್ದು ಅಲ್ಲಿ ಅಲ್ಲ, ಧೋತ್ರದ ಗಂಟಿನ ಹತ್ತಿರ, ಹೊಕ್ಕಳ ಮೇಲೆ.

ಪರದೆ ಬಿಟ್ಟು ಎದ್ದೆ. ಇಷ್ಟು ಹೊತ್ತು ಅವರ ಹೊಟ್ಟೆಯ ಒಳಗನ್ನೆಲ್ಲ ಜಾಲಾಡಿದ ನಾವು ಯಾರೂ ಹೊರಗಿನಿಂದ ಅದನ್ನು ಕಣ್ಣಾರೆ ನೋಡಿರಲಿಲ್ಲ.

ಮಾಸ್ತರರು ಮಷೀನಿನ ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಒರಗಿದ್ದರು. ಮಕ್ಕಳಿಬ್ಬರೂ ಅಲ್ಲೇ ಇದ್ದರು.

"ಸರ, ಬನಿಯನ್ ಸ್ವಲ್ಪ ಎತ್ತರಿ. ಹೊಟ್ಟಿ ನೋಡಬೇಕು."

"ನೋಡೂದೇನೈತ್ರಿ? ಮಷೀನ್ ಎಲ್ಲಾ ನೋಡೇತಲ್ಲ," ಎಂದು ಬನಿಯನ್ನಿನ ತುದಿ ಹಿಡಿದು ಕೆಳಗೆಳೆದರು.

ಮಕ್ಕಳನ್ನು ಹೊರಗೆ ಕಳಿಸಿದೆ. ದೊಡ್ಡವನು ಹೋಗುವಾಗ ನನ್ನನ್ನು ನೋಡಿದ ನೋಟದಲ್ಲಿ ಕೊಟ್ಟ ಮಾತಿನ ನೆನಪಿತ್ತು. ಬಾಗಿಲು ಮುಚ್ಚಿಕೊಂಡಿತು. ನಾನು ಮತ್ತೆ ಕೇಳಿದೆ.

"ಮ್ಯಾಡಮ್ಮಾರ, ನೀವ್ ಒಂದ್ ಖರೇ ಹೇಳ್ರಿ. ನಾನೂ ಒಂದ್ ಖರೇ ತೋರಸ್ತೀನಿ. ನನಗ ಅಲ್ಸರ್ ಆಗೇತೋ, ಮತ್ತೇನರ ಆಗೇತೋ?"

ಇಂಥ ಪೇಚು ನನಗೆ ಹಿಂದೆ ಬಂದಿರಲಿಲ್ಲ. ಬಾಗಿಲಾಚೆ ಮಗನಿದ್ದಾನೆ, ಅವನಿಗೆ ಹೂಂ ಎಂದಿದ್ದೇನೆ. ಇಲ್ಲಿ ಈ ಮನುಷ್ಯನ ಕೈ ಬನಿಯನ್ನಿನ ತುದಿ ಬಿಡುತ್ತಿಲ್ಲ. ಬಲವಂತವಾಗಿ ಎತ್ತಿ ನೋಡಬಹುದಿತ್ತೇನೋ, ಅವರಿಗೆ ತಡೆಯುವ ಶಕ್ತಿಯೂ ಇರಲಿಲ್ಲ. ಆದರೆ ಅವರು ಕೇಳಿದ್ದು ತಮ್ಮದೇ ಹೊಟ್ಟೆಯ ಸುದ್ದಿ. ಅದನ್ನು ಊರಿಗೆಲ್ಲ ಹೇಳಿ ಅವರಿಗೆ ಮಾತ್ರ ಮುಚ್ಚಿಡಲು ನಾನ್ಯಾರು? ನನಗೆ ನಾಚಿಕೆಯಾಯಿತು. ಕುರ್ಚಿ ಎಳೆದು ಅವರ ಹತ್ತಿರ ಕುಳಿತೆ.

"ಅಲ್ಸರ್ ಅಲ್ರಿ ಸರ. ಕ್ಯಾನ್ಸರ್."

ಅವರು ಕುಸಿಯಲಿಲ್ಲ. ತಲೆ ಅಲ್ಲಾಡಿಸಿದರು. "ಅಲ್ಸರ್‌ಗೆ ಯಾರರ ಇಷ್ಟ ಪ್ರೀತಿಲೆ ಮಾತಾಡಸ್ತಾರೇನ್ರಿ? ಸಣ್ಣ ಮಗ ನನ್ನ ಕಾಲ ಒತ್ತಾಕ ಹತ್ತಿದಾಗಽ ತಿಳೀತು ನನಗ." ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಬನಿಯನ್ ಎತ್ತಿದರು.

ಹೊಕ್ಕಳ ಸುತ್ತ ಚುಟಗಿ ಹಾಕಿದ್ದರು. ಬಳೆಚೂರನ್ನು ಕೆಂಡದಲ್ಲಿ ಕಾಯಿಸಿ ಹೊಟ್ಟೆನೋವಿಗೆ ಚರ್ಮ ಸುಡುವ ಈ ಮದ್ದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತದೆ. ಸುತ್ತಲಿನ ಬರೆಗಳು ಒಣಗಿ ಹಕ್ಕಳೆ ಕಟ್ಟಿದ್ದವು. ಒಂದು ಮಾತ್ರ ಹೊಕ್ಕಳ ಗುಳಿಯೊಳಗೇ ಬಿದ್ದು, ಬಾತು, ಕೀವು ಕಟ್ಟಿತ್ತು. ಅದರ ಮೇಲೆ ಅರಿಶಿಣ ಮೆತ್ತಿತ್ತು.

"ಹುಬ್ಬಳ್ಳಿಯಿಂದ ಬಂದ ಮ್ಯಾಲೆ ಪುರ್ತಗೇರಿಗೆ ಅಕ್ಕನ ಮನಿಗೆ ಹೋಗಿದ್ದೆ," ಎಂದರು ದನಿ ತಗ್ಗಿಸಿ. "ಬ್ಯಾನಿ ತಡೀಲಿಕ್ಕೆ ಆಗಲಿಲ್ರಿ. ಹೊಕ್ಕಳ ಸರದೈತಿ ಅಂದ್ಲು ಅಕ್ಕ. ಹಾಕು ಅಂದೆ. ಸಾಲ್ಯಾಗ ಹುಡುಗೂರು ಚುಟಗಿ ಹಾಕಿಸ್ಕೊಂಡ್ ಬಂದ್ರ ಅವರ ಅವ್ವ ಅಪ್ಪನ್ನ ಕರಸಿ ಮಾನ ತಗೀತಿದ್ದೆ ನಾ. ಈಗ ನಾನಽ ಬನಿಯನ್ ಎತ್ತಿ ಹ್ಯಾಂಗ ತೋರಸ್ಲಿ? ಅದೂ ಗಾಜಿನ ಹಿಂದ ನಾ ಕಲಿಸಿದ ಹುಡುಗನಽ ನಿಂತಾನ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಒಬ್ಬ ಶಿಷ್ಯ ಗುರುವಿನ ಬನಿಯನ್ ತೆಗೆಸಲಾರ, ಗುರು ಶಿಷ್ಯನ ಮುಂದೆ ತೆಗೆಯಲಾರ. ಇವರಿಬ್ಬರ ಮರ್ಯಾದೆಯ ನಡುವೆ ಒಂದು ಜೀವ ಅಬ್ಬಿಗೇರಿಗೆ ವಾಪಸ್ ಹೋಗುವುದರಲ್ಲಿತ್ತು.

ಹಾಗಂತ ಬಿಡುಗಡೆ ಸಿಕ್ಕಿತು ಎಂದು ನಾನು ಕುಣಿಯುವಂತಿರಲಿಲ್ಲ. ಸುಟ್ಟ ಗಾಯ ಇದೆ ಎಂದ ಮಾತ್ರಕ್ಕೆ ಅದರ ಅಡಿಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಹೇಳಲು ಬರುವುದಿಲ್ಲ. ಸೋನೋಗ್ರಫಿ ಯಂತ್ರ ತಂದು ಗಂಟಿನ ಮೇಲೆ ಇಟ್ಟು ನೋಡಿದೆ. ಹೊಟ್ಟೆಯ ಗೋಡೆಯ ಒಳಪದರು ಹರಿಯದೆ ನೆಟ್ಟಗಿತ್ತು, ಗಂಟು ಅದರ ಹೊರಗೇ ಕುಳಿತಂತಿತ್ತು. ಸಣ್ಣ ಸೂಜಿ ಹಾಕಿ, ಬಂದ ಹನಿಗಳನ್ನು ಗಾಜಿನ ಪಟ್ಟಿಗಳ ಮೇಲೆ ಸವರಿ, ಗದಗಿನ ಪ್ಯಾಥಾಲಜಿ ಡಾಕ್ಟರಿಗೆ ಕಳಿಸಬೇಕೆಂದು ನಿರ್ಧರಿಸಿದೆ. ಸೂಜಿ ಹಾಕುವಾಗ ಟೆಕ್ನಿಷಿಯನ್ ಬೆಳಕು ಹಿಡಿದ. ಮಾಸ್ತರರು ಅವನನ್ನೇ ನೋಡುತ್ತ, "ನೋಡೋ, ಚುಟಗಿ ಹಾಕಿಸ್ಕೊಂಡ್ರ ಹಿಂಗ ಆಕ್ಕೈತಿ ಅಂತ ಹೇಳಿದ್ದೆ ಇಲ್ಲೋ ನಿಮಗ?" ಎಂದರು. "ಹೇಳಿದ್ರಿ ಸರ," ಎಂದು ಅವನು ಮುಖ ಆ ಕಡೆ ತಿರುಗಿಸಿಕೊಂಡ.

ಮಗನಿಗೆ ಹೇಳುವುದು ಇನ್ನೂ ಕಷ್ಟವಾಯಿತು.

"ಹೇಳಬ್ಯಾಡ್ರಿ ಅಂತ ಕೈ ಮುಗದ ಕೇಳಿದ್ದೆ ನಿಮಗ," ಎಂದು ಪಡಸಾಲೆಯಲ್ಲೇ ದನಿ ಏರಿಸಿದ. "ನಮ್ಮಪ್ಪಗ ಏನರ ಆದ್ರ ನೀವಽ ಜವಾಬ್ದಾರಿ."

ಅಷ್ಟರಲ್ಲಿ ಒಳಗಿನಿಂದ ಮಾಸ್ತರರ ದನಿ ಬಂತು. ತರಗತಿಯ ಕೊನೆಯ ಸಾಲಿಗೂ ಮುಟ್ಟುತ್ತಿದ್ದ ದನಿಯ ಉಳಿಕೆ ಅದು. "ಅವರಿಗೆ ಯಾಕ ಬೈತಿ? ನೀವೂ ಮುಚ್ಚಿಟ್ರಿ, ನಾನೂ ಮುಚ್ಚಿಟ್ಟೆ. ಒಳಗ ಬಾ. ಆ ಗಾಜಿನ ಪಟ್ಟಿ ತಗೊಂಡು ಗದಗಿಗೆ ಹೋಗು."

ಅವನು ತಾನೇ ಕಾರು ತೆಗೆದುಕೊಂಡು ಹೋದ. ನಾನು ಸರ್ಜನ್‌ಗೆ ಫೋನು ಮಾಡಿ, ಹೊಕ್ಕಳ ಮೇಲೆ ಚುಟಗಿ ಹಾಕಿದ್ದಾರೆ, ಗದಗಿನ ಉತ್ತರ ಬರುವ ತನಕ ರಿಪೋರ್ಟ್ ಕೊಡುವುದಿಲ್ಲ, ಆದರೆ ರೋಗಿಯನ್ನು ಅಡ್ಮಿಟ್ ಮಾಡಿಕೊಂಡು ಬಾಟಲಿ ಹಚ್ಚಿ ಎಂದೆ. "ಚುಟಗಿನಾ? ಆ ಮಾಸ್ತರ್ರಿಗೆ?" ಎಂದು ಅವರು ಫೋನಿನಲ್ಲೇ ಜೋರಾಗಿ ನಕ್ಕರು, ಆಮೇಲೆ "ಕಳಸ್ರಿ," ಎಂದರು. ಉತ್ತರ ಬರುವವರೆಗೆ ನನಗೆ ಊಟ ರುಚಿಸಲಿಲ್ಲ. ಪರದೆಯ ಮೇಲೆ ಯಾರದೇ ಹೊಟ್ಟೆ ಬಂದರೂ ಕಣ್ಣು ಮೊದಲು ಹೊಕ್ಕಳಿಗೇ ಹೋಗುತ್ತಿತ್ತು. ಸೂಜಿಯ ಹನಿ ತಪ್ಪು ಜಾಗದಿಂದ ಬಂದಿದ್ದರೆ ಎಂಬ ಹೆದರಿಕೆ ಬೇರೆ.

ಮರುದಿನ ಗದಗಿನ ಡಾಕ್ಟರು ಫೋನು ಮಾಡಿದರು. ಬರೀ ಕೀವು, ಉರಿಯೂತದ ಕಣಗಳು. ಕ್ಯಾನ್ಸರ್ ಇಲ್ಲ. ನಾನು ರಿಪೋರ್ಟ್ ಬರೆದೆ: ಗಡ್ಡೆ ಗೋಡೆಯ ಹೊರ ಅಂಚಿನವರೆಗೆ ಬಂದಿದೆ, ಹತ್ತಿರದ ಕೆಲವು ಗ್ರಂಥಿಗಳ ಮೇಲೆ ಅನುಮಾನವಿದೆ, ದೂರಕ್ಕೆ ಹರಡಿದ ಗುರುತಿಲ್ಲ, ಹೊಕ್ಕಳಿನದು ಕೀವು ಕಟ್ಟಿದ ಸುಟ್ಟ ಗಾಯ, ತೊಡೆಸಂದಿಯ ಗ್ರಂಥಿಗಳು ಊದಿದ್ದೂ ಅದರಿಂದಲೇ ಇರಬೇಕು. ಸರ್ಜನ್ ಮೊದಲು ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಹೊಟ್ಟೆಯ ಒಳಪೊರೆಯನ್ನೆಲ್ಲ ನೋಡಿದರು. ಅಲ್ಲೂ ಏನೂ ಇರಲಿಲ್ಲ. ಆಮೇಲೆ ಜಠರದ ಕೆಳಭಾಗವನ್ನು ಗ್ರಂಥಿಗಳ ಸಮೇತ ಕತ್ತರಿಸಿ ತೆಗೆದರು. ಗ್ರಂಥಿಗಳಲ್ಲಿ ಕ್ಯಾನ್ಸರ್ ಇತ್ತು. ಹಾಗಾಗಿ ಕೀಮೋ ನಡೆಯಿತು. ಮಾಸ್ತರರ ಮೀಸೆ ಉದುರಿತು, ಮೈ ಅರ್ಧವಾಯಿತು.

ಕೀಮೋ ಮುಗಿದ ಮೇಲೆ ಮೊದಲ ಸ್ಕ್ಯಾನಿಗೆ ಅವರು ನಮ್ಮಲ್ಲಿಗೇ ಬಂದರು. ಈ ಸಲ ಟೆಕ್ನಿಷಿಯನ್ ಬಾಯಿ ಬಿಡುವ ಮೊದಲೇ ಗೌನು ತೊಟ್ಟು, ಟೇಬಲ್ಲಿನ ಮೇಲೆ ಬೋರಲು ಬಿದ್ದುಕೊಂಡಿದ್ದರು. "ಸರ, ಇವತ್ತ ಅಂಗಾತ ಬೇಕ್ರಿ," ಎಂದು ಅವನು ಕೈ ಹಿಡಿದು ತಿರುಗಿಸಬೇಕಾಯಿತು. ಚಿತ್ರಗಳು ಸ್ವಚ್ಛವಾಗಿದ್ದವು. ಸದ್ಯಕ್ಕೆ ಸ್ವಚ್ಛ, ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮಾತು ಆಡುವಂತಿಲ್ಲ. ಹೊಕ್ಕಳ ಬಳಿ ಹಳೆಯ ಸುಟ್ಟ ಗಾಯದ ಕಲೆ ಇದೆ ಎಂದು ರಿಪೋರ್ಟಿನಲ್ಲಿ ಒಂದು ಸಾಲು ಸೇರಿಸಿದೆ. ಮುಂದೆ ಬೇರೆ ಯಾವ ಕತ್ತಲೆ ಕೋಣೆಯಲ್ಲಿ ಯಾರು ಈ ಚಿತ್ರ ನೋಡುತ್ತಾರೋ, ಅವರು ನನ್ನ ಹಾಗೆ ಒದ್ದಾಡಬಾರದು.

ಸುದ್ದಿ ಹೇಳಿದಾಗ ಮಾಸ್ತರರು ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಹತ್ತಿರ ಬಾಗಿ, "ಹೊರಗ ಅಕ್ಕ ಬಂದಾಳ್ರಿ. ಅಕಿಗೆ ಇನ್ನೂ ಅಲ್ಸರ್ ಅಂತಽ ಹೇಳೇನಿ," ಎಂದರು. "ಅಕಿ ಚುಟಗಿಯಿಂದ ನನ್ನ ಆಪರೇಶನ್ ತಪ್ಪತಿತ್ತು ಅಂತ ಗೊತ್ತಾದ್ರ ಅಕಿ ಉಳ್ಯೂದಿಲ್ರಿ. ಹೇಳಬ್ಯಾಡ್ರಿ." ಅಂದು ನನ್ನಿಂದ ನಿಜ ಹೇಳಿಸದೆ ಬನಿಯನ್ ಎತ್ತದಿದ್ದ ಮನುಷ್ಯ ಇಂದು ಮಗನ ಹಾಗೆಯೇ ಕೈ ಮುಗಿಯುತ್ತಿದ್ದರು. ನನಗೆ ರೇಗಿತು, ಪಾಪವೂ ಅನಿಸಿತು.

ಪಡಸಾಲೆಯಲ್ಲಿ ಅಕ್ಕ ಎದ್ದು ನಿಂತಳು. ತಮ್ಮನಿಗಿಂತ ಹಣ್ಣಾದ ಮುದುಕಿ.

"ಮ್ಯಾಡಮ್ಮಾರ, ತಮ್ಮಗ ಆರಾಮ ಆತೇನ್ರಿ?"

"ಆಗೇತಿ ಅಕ್ಕಾರ. ಚಲೋ ಅದಾರ."

"ಹುಬ್ಬಳ್ಳ್ಯಾಗ ಕೊಯ್ದದ್ದು ಖರೇರಿ. ಆದ್ರ ಮೊದ್ಲ ಬ್ಯಾನಿ ಇಳದದ್ದು ನನ್ನ ಚುಟಗಿಗೇ. ಹೌದಲ್ಲರಿ?"

ಅವಳ ಹಿಂದೆ ಮಾಸ್ತರರು ನೆಲ ನೋಡುತ್ತ ನಿಂತಿದ್ದರು. ನನಗೆ ಆ ಕಿಟಕಿಯಿಲ್ಲದ ಕೋಣೆ ಮತ್ತೆ ನೆನಪಾಯಿತು.

"ಇನ್ನ ಮ್ಯಾಲೆ ಯಾರಿಗೂ ಹಾಕಬ್ಯಾಡ್ರಿ ಅಕ್ಕಾರ," ಎಂದೆ. "ಗಾಯ ಕೀವ ಕಟ್ಟಿತ್ತು." ಅಷ್ಟಾದರೂ ಖರೇ ಇತ್ತು.

ಅವಳು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಊರ ಮಂದಿಗೆ ಹಾಕುಮುಂದ ಎಂದೂ ಹಂಗ ಆಗಿಲ್ರಿ," ಎಂದಳು. "ಆವತ್ತ ನನ್ನ ಕೈ ಭಾಳ ನಡಗತಿತ್ತು. ತಮ್ಮ ನೋಡ್ರಿ ಅಂವಾ."

ಮಾಸ್ತರರು ಮುಂದೆ ಬಂದು, ಸೆರಗಿನೊಳಗಿನಿಂದ ಆ ಕೈಯನ್ನು ಹೊರಗೆ ತೆಗೆದು ಹಿಡಿದುಕೊಂಡರು. ಇಬ್ಬರೂ ಪುರ್ತಗೇರಿಯ ಬಸ್ಸಿಗೆ ಹೋದರು.